ಹೊರಗೆ ನಿಂತ ಸೈಕಲ್ಲು

ಶಹಾಪುರ
ತಾ. 12-2-1956, ರವಿವಾರ

ಚಿರಂಜೀವಿ ತಮ್ಮ ಬಸವಂತ್ರಾಯನಿಗೆ, ನಿನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದ ಅಕ್ಕ ಗೊಲ್ಲಾಳಮ್ಮನ ಆಶೀರ್ವಾದಗಳು.

ಮೊದಲು ನಿನ್ನ ಮೈ ಹೇಗಿದೆ ಎಂಬುದನ್ನು ಬರೆ. ಹೈದರಾಬಾದಿನ ಚಳಿಗೆ ನಿನಗೆ ವರ್ಷವರ್ಷವೂ ಕೆಮ್ಮು ಹತ್ತುತ್ತದೆ, ಆದರೂ ಮಫ್ಲರು ಸುತ್ತಿಕೊಳ್ಳಲು ನಾಚುತ್ತೀ. ಆಫೀಸಿನ ಕುರ್ಚಿಯಲ್ಲಿ ಕೂತು ಕೂತು ಹೊಟ್ಟೆ ಕಟ್ಟಿಕೊಂಡಿದೆ, ಬೆಳಿಗ್ಗೆ ಸಲೀಸಾಗಿ ಆಗುವುದಿಲ್ಲ ಎಂದು ಹಿಂದಿನ ಕಾಗದದಲ್ಲಿ ನೀನೇ ಬರೆದಿದ್ದೆ. ಬಿಸಿನೀರಿಗೆ ಓಂಕಾಳು ಹಾಕಿ ಕುಡಿ, ಚಹಾ ಕಡಿಮೆ ಮಾಡು. ನಿನ್ನ ಹೊಟ್ಟೆಯ ಸುದ್ದಿಯನ್ನು ನಾನು ಓಣಿಯಲ್ಲಿ ಒಬ್ಬರಿಗೂ ಹೇಳಿಲ್ಲ. ನಿನ್ನ ಹೊಟ್ಟೆ ಸಾಫಾಯಿತೋ ಇಲ್ಲವೋ ಎಂದು ಭಾಗಮ್ಮನಾಗಲಿ ಪಂಪಣ್ಣ ಕಾಕಾ ಆಗಲಿ ನಮ್ಮ ಬಾಗಿಲಿಗೆ ಬಂದು ಕೇಳಿಲ್ಲ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ನಮ್ಮ ಸೀಮೆಯನ್ನು ಮೈಸೂರಿಗೆ ಕೂಡಿಸುತ್ತಾರೆ, ಹೈದರಾಬಾದು ಮೂರು ಪಾಲಾಗುತ್ತದೆ ಎಂದು ಇಲ್ಲಿ ಹೋಟೆಲಿನಲ್ಲಿ ಕೂತವರೆಲ್ಲ ಹೇಳುತ್ತಿದ್ದಾರೆ. ನಿನ್ನ ಕುರ್ಚಿ ಯಾವ ಪಾಲಿಗೆ ಬೀಳುತ್ತದೆ ಎಂಬುದು ಗೊತ್ತಾದರೆ ತಿಳಿಸು.

ನಿನ್ನ ಕಾಗದ ಮುಟ್ಟಿತು. ಸಾಲಿಗೊಂದು ಕಡೆ ಎಡವಿದ್ದೀ. ನೀನು ನಿಜಾಮನ ಶಾಲೆಯಲ್ಲಿ ಉರ್ದು ಕಲಿತವನು, ನಾನು ಹೊಳೆಯಾಚೆ ತಾಳೀಕೋಟಿಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು, ಆದ್ದರಿಂದ ಅಕ್ಷರಕ್ಕೆ ಬೈಯುವುದಿಲ್ಲ. ಬರೆದ ವಿಷಯಕ್ಕೆ ಬೈಯುತ್ತೇನೆ. ನಿನ್ನ ಹೆಂಡತಿ ಮಲ್ಲಿಕಮ್ಮ ಮೂರು ತಿಂಗಳಿಂದ ಮುಟ್ಟಾಗಿಲ್ಲವೆಂದು ಪಂಪಣ್ಣ ಕಾಕಾ ತಿಳಿಸಿದ್ದಾನಂತೆ. ಯುಗಾದಿಗೆ ಬಂದು ಹೋದ ನೀನು ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ, ಹೀಗಿರುವಾಗ ಇದರ ಅರ್ಥವೇನು ಎಂದು ನನ್ನನ್ನು ಕೇಳಿದ್ದೀ. ಅವಳನ್ನು ಬಳಿಚಕ್ರದ ತವರಿಗೆ ಅಟ್ಟು, ಗ್ರಾಮಸೇವಿಕೆಯ ನೌಕರಿ ಬಿಡಿಸು, ನಿಜ ಏನೆಂದು ತಿಳಿದು ಬರೆ, ನನ್ನ ಸೈಕಲ್ಲನ್ನು ಯಾದಗಿರಿಯಲ್ಲಿ ರೈಲಿಗೆ ಹಾಕಿ ಕಳಿಸು ಎಂದು ಹುಕುಂ ಮಾಡಿದ್ದೀ. ಹೆಂಡತಿಗೆ ಎರಡು ಸಾಲು, ಸೈಕಲ್ಲಿಗೆ ನಾಲ್ಕು ಸಾಲು. ಗೋಣಿ ಸುತ್ತಬೇಕು, ಹ್ಯಾಂಡಲ್ಲಿಗೆ ಗೀರು ಬೀಳಬಾರದು. ಓದಿ ನನಗೆ ನಿನ್ನ ಮೇಲೆ ಹೇಸಿಗೆ ಬಂತು. ನನ್ನ ಕೈತುತ್ತು ಉಂಡವನ ಮೇಲೆ ಹೇಸಿಗೆ ಬರುವುದೆಂದರೆ ಸಣ್ಣ ಮಾತಲ್ಲ, ಆ ದಿನ ನನಗೆ ಊಟ ಸೇರಲಿಲ್ಲ.

ನನಗೆ ಮಲ್ಲಿಕಮ್ಮನ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿದೆ ಎಂದು ತಿಳಿಯಬೇಡ. ಅವಳು ಬಡಿಯುವ ರೊಟ್ಟಿ ಹಾಸುಗಲ್ಲಿನಷ್ಟು ದಪ್ಪ, ಒಂದು ಮಾತಂದರೆ ಎರಡು ಮಾತು ತಿರುಗಿ ಬರುತ್ತದೆ, ಕಸ ಹೊಡೆಯುವಾಗ ಮೂಲೆ ಬಿಟ್ಟು ಹೊಡೆಯುತ್ತಾಳೆ. ಅವಳು ಬೆಳಿಗ್ಗೆ ಎದ್ದು ಟ್ರೇನಿಂಗಿನಲ್ಲಿ ಕಲಿತ ಕವಾಯತನ್ನು ಹಿತ್ತಲಲ್ಲಿ ಮಾಡುವುದನ್ನು ಮೊದಲ ಸಲ ನೋಡಿದಾಗ ಇವಳಿಗೆ ಗಾಳಿ ಬಡಿದಿದೆ ಎಂದೇ ಅಂದುಕೊಂಡೆ. ನೌಕರಿಗೆಂದು ಹಳ್ಳಿ ಸುತ್ತಲು ಅವಳು ಹೊಡೆಯುವುದು ನಿನ್ನ ಸೈಕಲ್ಲು, ಗಂಡಸರದು, ನಡುವೆ ಆ ಕಬ್ಬಿಣದ ದಂಡಿಗೆ ಬೇರೆ. ಸೀರೆಗೆ ಕಚ್ಚೆ ಹಾಕಿ ಅದನ್ನು ದಾಟಿ ಏರುವುದನ್ನು ನೋಡಿ ಬಾಗಿಲು ಹಾಕಿಕೊಂಡಿದ್ದೆ. ಆದರೆ ಇಷ್ಟು ಖರೆ. ಮದುವೆಯಾಗಿ ಬಂದ ಹೊಸದರಲ್ಲಿ ತಿಂಗಳ ದಿನ ಬಂದರೆ ಅವಳು ಕಿಬ್ಬೊಟ್ಟೆ ಹಿಡಿದುಕೊಂಡು ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು, ಬಿಸಿ ಇಟ್ಟಿಗೆ ಕಾಸಿ ಕೊಟ್ಟು ನನಗೆ ಸಾಕಾಗಿತ್ತು. ಸೈಕಲ್ಲು ಹೊಡೆಯಲು ಹತ್ತಿದ ಮೇಲೆ ಆ ನರಳಾಟ ನಿಂತಿತು. ಮೊದಲ ದಿನ ಸ್ವಲ್ಪ ನಿಧಾನ ಹೊಡೆಯುತ್ತಾಳೆ, ಒಳಗಿನ ಬಟ್ಟೆ ಸೀಟಿಗೆ ಉಜ್ಜಿ ತೊಡೆ ಕೆಂಪಾದರೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಅಷ್ಟೇ. ಇಟ್ಟಿಗೆ ಈಗ ಹಿತ್ತಲಲ್ಲಿ ಬಿದ್ದಿದೆ.

ಇನ್ನು ಅವಳ ತಿಂಗಳ ಲೆಕ್ಕ ಓಣಿಗೆ ಹೇಗೆ ಗೊತ್ತಾಯಿತು ಎಂದು ನೀನು ಒಮ್ಮೆಯಾದರೂ ಕೇಳಿಕೊಂಡೆಯಾ? ಡಂಗುರ ಸಾರಿದವನು ನೀನೇ. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಸೂತಕವಿಲ್ಲವೆಂದು ನಮ್ಮ ಮಠದ ಅಯ್ಯನವರು ಹೇಳುತ್ತಲೇ ಬಂದಿದ್ದಾರೆ. ನಮ್ಮ ಅವ್ವ ಆ ದಿನಗಳಲ್ಲೂ ರೊಟ್ಟಿ ಬಡಿದಳು, ಲಿಂಗಪೂಜೆ ಮಾಡಿಕೊಂಡೇ ಉಂಡಳು, ನಾನೂ ಹಾಗೇ ಮಾಡಿದೆ. ನೀನು ಹೈದರಾಬಾದಿಗೆ ಹೋಗಿ ಆಫೀಸಿನ ಜೊತೆಗಾರರ ಮನೆಯ ಮಡಿ ನೋಡಿ ಬಂದೆ. ಹೋದ ದಸರೆಯ ಹಿಂದಿನ ದಸರೆಗೆ ಸೈಕಲ್ಲಿಗೆ ವಿಭೂತಿ ಹಚ್ಚಿ, ಚೆಂಡುಹೂ ಕಟ್ಟಿ, ಪಡಸಾಲೆಯಲ್ಲಿ ದೇವರ ಜಗುಲಿಯ ಕೆಳಗೆ ನಿಲ್ಲಿಸಿ ಕಾನೂನು ಹಾಕಿದೆ. ನಾವಿಬ್ಬರೂ ಬಾಯಿ ತೆರೆದು ನೋಡುತ್ತಿದ್ದೆವು. "ಇದು ಪೂಜಿ ಮಾಡಿದ್ದು. ಆಕಿ ಆ ದಿನದಾಗ ಮುಟ್ಟಿದ್ರ ಇದು ಹೊರಗ ಕಟ್ಟಿ ಹತ್ರ ನಿಂದ್ರಬೇಕು, ನಾಕನೇ ದಿನ ತೊಳದು ಒಳಗ ತರ್ರಿ" ಎಂದೆ ನೀನು. ಹೆಂಡತಿ ಒಳಗೆ ಬರಬಹುದು, ಅಡಿಗೆ ಮಾಡಬಹುದು, ಸೈಕಲ್ಲು ಮಾತ್ರ ಹೊರಗೆ. ಮನುಷ್ಯಳಿಗೆ ಇಲ್ಲದ ಸೂತಕವನ್ನು ಕಬ್ಬಿಣಕ್ಕೆ ಹಚ್ಚಿದ ಬುದ್ಧಿವಂತ ನಮ್ಮ ಕುಲದಲ್ಲಿ ನೀನೊಬ್ಬನೇ.

ಅಂದಿನಿಂದ ಓಣಿಗೆ ಪಂಚಾಂಗ ಬೇಡವಾಯಿತು. ಸೈಕಲ್ಲು ಬಾಗಿಲ ಮುಂದಿನ ಕಟ್ಟೆಯ ಹತ್ತಿರ ನಿಂತಿತೆಂದರೆ ಮಲ್ಲಿಕಮ್ಮ ಮುಟ್ಟಾಗಿದ್ದಾಳೆ ಎಂದು ನೀರಿಗೆ ಹೋಗುವ ಹೆಂಗಸರಿಗೆ, ಬೀಡಿ ಸೇದುವ ಗಂಡಸರಿಗೆ, ಎಲ್ಲರಿಗೂ ಗೊತ್ತು. ತೊಳೆದು ಒಳಗೆ ತಂದರೆ ಮುಗಿಯಿತೆಂದು ಗೊತ್ತು. ನಿನ್ನ ಕಾನೂನನ್ನು ನಾವು ಚಾಚೂ ತಪ್ಪದೆ ನಡೆಸಿದೆವು. ಆಮೇಲೆ ಸುಗ್ಗಿಯ ದಿನಗಳಲ್ಲಿ ಸೈಕಲ್ಲು ಹೊರಗೆ ಬರುವುದು ನಿಂತಿತು. ಎದುರುಮನೆಯ ಭಾಗಮ್ಮ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಪಡಸಾಲೆಯಲ್ಲಿ ಇಣುಕಿದಳು. "ಸೈಕಲ್ ಈ ತಿಂಗಳೂ ಒಳಗೇ ಐತಲ್ಲ ಗೊಲ್ಲಾಳವ್ವಾ, ಏನರ ವಿಶೇಷ ಐತೇನು" ಎಂದಳು. ಮಜ್ಜಿಗೆ ಕೊಡಲಿಲ್ಲ. ಆದರೆ ಮಾತು ಅಷ್ಟರಲ್ಲಿ ಪಂಪಣ್ಣ ಕಾಕಾನ ಅಂಗಡಿಯ ಕಟ್ಟೆ ಏರಿತ್ತು.

ಪಂಪಣ್ಣ ಕಾಕಾನ ಬಗ್ಗೆ ಏನು ಬರೆಯಲಿ? ಅಪ್ಪನ ಚಿಕ್ಕಪ್ಪನ ಮಗ ಎಂಬ ಒಂದೇ ಕಾರಣಕ್ಕೆ ಅವನನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೇವೆ. ಬಸ್ಸು ನಿಲ್ಲುವ ಜಾಗದ ತನಕ ನಡೆದರೆ ಏದುಸಿರು ಬಿಡುವ ಈ ಮನುಷ್ಯ ಹೋದ ವರ್ಷ ನಮ್ಮ ಪಡಸಾಲೆಯಲ್ಲೇ ಕೂತು "ಹೆಂಗಸರು ಸೈಕಲ್ ಹೊಡದ್ರ ಗರ್ಭ ಸರಿತೈತಿ, ಬಸುರ ನಿಂದ್ರಂಗಿಲ್ಲ" ಎಂದು ತೀರ್ಪು ಕೊಟ್ಟಿದ್ದ. ಈಗ ಅದೇ ಬಾಯಿಂದ, ಅದೇ ಸೈಕಲ್ಲು ಹೊಡೆಯುವ ಹೆಂಗಸು ಬಸುರಿ ಎನ್ನುತ್ತಾನೆ. ಯಾರಿಂದ ಎಂದು ಕೇಳಿದರೆ ಜಮಾಲಸಾಬನ ಕಡೆ ಬೆರಳು ತೋರಿಸುತ್ತಾನೆ, ಟ್ಯೂಬಿಗೆ ಪಂಚರ್ ಹಾಕಿಸಲು ಅವಳು ಅವನ ಅಂಗಡಿಗೆ ಹೋಗುತ್ತಾಳಲ್ಲ, ಅದಕ್ಕೆ. ಜಮಾಲಸಾಬನಿಗೆ ಮೊಮ್ಮಕ್ಕಳಿದ್ದಾರೆ, ಗೂರಲು ರೋಗವಿದೆ, ಸೈಕಲ್ಲಿಗೆ ಗಾಳಿ ಹೊಡೆದರೆ ಅವನಿಗೇ ಗಾಳಿ ಸಾಲುವುದಿಲ್ಲ. ಇಂಥ ಮಾತನ್ನು ಬರೆದು ಕಳಿಸಿದವನು ಒಬ್ಬ ಮೂರ್ಖ, ಅದನ್ನು ನಂಬಿ ಟಪಾಲಿಗೆ ಓಡಿದವನು ಇನ್ನೊಬ್ಬ.

ಓಣಿಯ ಬಾಯಿ ಮುಚ್ಚಿಸಲು ನಾನೊಂದು ದಿನ ಸೈಕಲ್ಲನ್ನು ಹೊರಗೆಳೆದು ಕಟ್ಟೆಗೆ ಆನಿಸಿ ನಿಲ್ಲಿಸಿದೆ. ನೋಡಿಕೊಂಡು ಸಾಯಿರಿ ಎಂಬ ಸಿಟ್ಟು ನನಗೆ. ಆ ದಿನ ಬ್ಲಾಕ್ ಆಫೀಸಿಗೆ ನಡೆದೇ ಹೋಗಿದ್ದ ಮಲ್ಲಿಕಮ್ಮ ಸಂಜೆ ಬಂದವಳೇ ಅದನ್ನು ಒಳಗೆ ತಂದಳು. ಭಾಗಮ್ಮ ಎದುರಿಗೇ ನಿಂತಿದ್ದಳು, ಇವಳು ತಲೆ ಎತ್ತಿಯೂ ನೋಡಲಿಲ್ಲ. ಒಳಗೆ ಬಂದು ನನಗೆ ಹೇಳಿದಳು: "ಯಕ್ಕಾ, ನಾ ಬಸುರಿ ಅಲ್ಲ. ನಂಗೂ ಯಾಕ ನಿಂತೈತಿ ತಿಳಿವಲ್ದು, ಅಂಜಿಕಿ ಬರ್ತೈತಿ. ಆದ್ರ ಸುಳ್ಳು ನಿಂದ್ರಸಬ್ಯಾಡ್ರಿ. ಇವತ್ತ ಸುಳ್ಳು ನಿಂದ್ರಸಿದ್ರ ನಾಳಿ ಖರೇನೂ ಯಾರೂ ನಂಬಂಗಿಲ್ಲ." ಅವಳ ಕಣ್ಣಲ್ಲಿ ನೀರು ಬರಲಿಲ್ಲ, ನನ್ನ ಕಣ್ಣಲ್ಲಿ ಬಂತು. ದಪ್ಪ ರೊಟ್ಟಿಯ ಹೆಂಗಸಿನ ಮುಂದೆ ನಾನು ಅಳುವುದೇನು ಎಂದು ಒಲೆಯ ಹತ್ತಿರ ಹೋಗಿ ಕೂತೆ.

ಮರುವಾರ ಇಬ್ಬರೂ ಮೋಟಾರಿನಲ್ಲಿ ಯಾದಗಿರಿಗೆ ಹೋದೆವು. ಅಲ್ಲಿಗೆ ಬಂದಿದ್ದ ಲೇಡಿ ಡಾಕ್ಟರು ಅರ್ಧ ತೆಲುಗು ಅರ್ಧ ಕನ್ನಡದ ಹೆಂಗಸು, ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿದರು. ಬಸುರಿಲ್ಲ ಎಂದರು. ಎಷ್ಟು ಊರು ಸುತ್ತುತ್ತೀ, ಏನು ಉಣ್ಣುತ್ತೀ ಎಂದು ಕೇಳಿದರು. ಆಗ ಹೊರಬಿತ್ತು ನೋಡು. ನಸುಕಿನಲ್ಲಿ ಒಂದು ರೊಟ್ಟಿ ಮುರಿದು ಹೋದವಳು ಸಂಜೆಯ ತನಕ ಬಾಯಿಗೆ ನೀರು ಹಾಕುತ್ತಿರಲಿಲ್ಲವಂತೆ. ನೀರು ಕುಡಿದರೆ ಬಯಲಿಗೆ ಹೋಗಬೇಕು, ಎಲ್ಲ ಬೇಲಿಯ ಮರೆಯಲ್ಲೂ ಗಂಡಸರು. ನಾನು ಕಟ್ಟಿದ ಬುತ್ತಿ ಬಿಚ್ಚಿದರೆ ಸೈಕಲ್ಲಿನ ಹೆಂಗಸು ಹೇಗೆ ಉಣ್ಣುತ್ತಾಳೆಂದು ನೋಡಲು ಊರೇ ಸುತ್ತ ನಿಲ್ಲುತ್ತದಂತೆ, ಬುತ್ತಿಯನ್ನು ದಾರಿಯಲ್ಲಿ ನಾಯಿಗೆ ಹಾಕಿ ಬರುತ್ತಿದ್ದಳು. ಯಾರದಾದರೂ ಮನೆಯೊಳಗೆ ಕೂತು ಉಣ್ಣೋಣವೆಂದರೆ ಲಿಂಗವಂತರಲ್ಲದವರ ಹೊಸಿಲು ತುಳಿಯಬೇಡ ಎಂದು ನೀನು ಆಣೆ ಹಾಕಿಸಿಕೊಂಡಿದ್ದೀ. ಸುಗ್ಗಿಯಲ್ಲಿ ಹಳ್ಳಿ ಹೆಚ್ಚಾದವು, ದಾರಿ ಉದ್ದವಾಯಿತು, ಹೊಟ್ಟೆ ಹಾಗೇ ಖಾಲಿ. ಕಾಲು ಅಷ್ಟು ದುಡಿದು ಹೊಟ್ಟೆಗೆ ಏನೂ ಬೀಳದಿದ್ದರೆ ಮೈ ತನ್ನನ್ನು ಉಳಿಸಿಕೊಳ್ಳಲು ಮುಟ್ಟನ್ನೇ ನಿಲ್ಲಿಸುತ್ತದೆ, ಓಟ ಓಡುವ ಹುಡುಗಿಯರಿಗೂ ಹೀಗಾಗುತ್ತದೆ ಎಂದರು ಡಾಕ್ಟರು. "ಸೈಕಲ್ ಬಿಡೋದು ಬೇಡಮ್ಮಾ, ಊಟ ಬಿಡೋದು ಬೇಡ. ತಿಂದರೆ ತಾನೇ ಬರುತ್ತೆ" ಎಂದರು. ಉಣ್ಣು ಎಂದು ಹೇಳಲು ಅಷ್ಟು ವರ್ಷ ಓದಬೇಕೇ ಎಂದು ನನಗೆ ಅನ್ನಿಸಿತು, ಆದರೆ ನಿನ್ನಂಥವರು ಇರುವ ಸೀಮೆಯಲ್ಲಿ ಓದಲೇಬೇಕಾಗುತ್ತದೆ.

ಈಗ ಅವಳು ಉಣ್ಣುತ್ತಾಳೆ. ಬೆಳಿಗ್ಗೆ ಎರಡು ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ ಹಾಕಿ ನಾನೇ ಎದುರಿಗೆ ಕೂತು ಉಣ್ಣಿಸುತ್ತೇನೆ. ಮಧ್ಯಾಹ್ನ ಅವಳು ಹೋಗುವ ಹಳ್ಳಿಯೊಂದರಲ್ಲಿ ಮದೀನಾಬೀ ಎಂಬ ಮುದುಕಿ ಅವಳನ್ನು ಒಳಗೆ ಕರೆದು, ಮಂದಿಯನ್ನು ಬೈದು ಓಡಿಸಿ, ಬಾಗಿಲು ಹಾಕಿಕೊಂಡು ಕೂಡಿಸುತ್ತಾಳೆ. ಹೌದು, ಸಾಬರ ಮನೆ. ನಿನ್ನ ಆಣೆಯನ್ನು ನಾನು ತೆಗೆದುಹಾಕಿದ್ದೇನೆ, ಪಾಪ ಬಂದರೆ ನನ್ನ ತಲೆಯ ಮೇಲೆ ಬರಲಿ. ಆ ಮುದುಕಿಯ ಹಿತ್ತಲಲ್ಲಿ ತಟ್ಟಿಯ ಮರೆಯೂ ಇದೆಯಂತೆ, ಆದ್ದರಿಂದ ಮಲ್ಲಿಕಮ್ಮ ನೀರೂ ಕುಡಿಯುತ್ತಾಳೆ.

ಇನ್ನು ನಿನ್ನ ಹುಕುಮುಗಳಿಗೆ ಜವಾಬು. ಮಲ್ಲಿಕಮ್ಮನನ್ನು ಬಳಿಚಕ್ರಕ್ಕೆ ಅಟ್ಟುವುದಿಲ್ಲ. ಮುಂದಿನ ತಿಂಗಳಿಂದ ಅವಳಿಗೆ ಸುರಪುರದ ಕಡೆಯ ಹಳ್ಳಿಗಳು, ಅವಳೇ ಕೇಳಿ ತೆಗೆದುಕೊಂಡಳು. ಅಲ್ಲಿ ಒಂದು ಮನೆ ಹಿಡಿದಿದ್ದೇವೆ, ನಾನೂ ಹೋಗುತ್ತೇನೆ. ಈ ವಯಸ್ಸಿನಲ್ಲಿ ನನಗೆ ಭಾಗಮ್ಮನ ಮುಖಕ್ಕಿಂತ ಹೊಸ ಮುಖಗಳು ಮೇಲು. ಬಸುರಿಲ್ಲ ಎಂಬುದನ್ನು ಬರೆದಾಯಿತು. ಆದರೆ ಮುಟ್ಟು ತಿರುಗಿ ಬಂತೋ ಇಲ್ಲವೋ ಎಂದು ತಿಂಗಳು ತಿಂಗಳು ನೋಡಿ ನಿನಗೆ ಬರೆಯುವ ಜಾಸೂಸಿ ಕೆಲಸ ನನ್ನಿಂದ ಆಗದು. ನಿನ್ನ ಹೊಟ್ಟೆಯ ಸುದ್ದಿ ನಾನು ಓಣಿಗೆ ಹೇಳಲಿಲ್ಲವಲ್ಲ, ಹಾಗೆಯೇ ಇದೂ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಮುಚ್ಚಿಡಲಿಲ್ಲ. ಕೇಳಿದವಳು ಸೈಕಲ್ಲಿನ ತೀರ್ಮಾನ ತಾನೇ ಮಾಡುತ್ತೇನೆ ಎಂದಷ್ಟೇ ಅಂದಳು.

ಕೆಮ್ಮಿಗೆ ಜ್ಯೇಷ್ಠಮಧು ಪೊಟ್ಟಣ ಕಟ್ಟಿಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ಬೈದೆನೆಂದು ಉಪವಾಸ ಮಲಗಬೇಡ, ಹೊಟ್ಟೆ ತುಂಬ ಉಣ್ಣು. ನಿನಗೆ ಒಳ್ಳೆಯ ಬುದ್ಧಿ ಬರಲಿ, ಕೆಮ್ಮು ಹೋಗಲಿ, ಯಾವುದು ಮೊದಲಾದರೂ ನನಗೆ ಸಂತೋಷವೇ.

ನಿನ್ನ ಅಕ್ಕ
ಗೊಲ್ಲಾಳಮ್ಮ

ತಾ.ಕ.: ಇವತ್ತು ಬುಧವಾರ. ಟಪಾಲು ಹೊರಡುವ ಹೊತ್ತು, ಗೀಚಿ ಮುಗಿಸುತ್ತೇನೆ. ನಿನ್ನ ಸೈಕಲ್ಲು ನಿನ್ನೆ ಯಾದಗಿರಿಯಲ್ಲಿ ರೈಲು ಹತ್ತಿದೆ, ಬಿಡಿಸಿಕೋ. ಮಲ್ಲಿಕಮ್ಮನಿಗೆ ಬ್ಲಾಕ್ ಆಫೀಸಿನವರು ದಂಡಿಗೆ ಇಲ್ಲದ ಹೆಂಗಸರ ಸೈಕಲ್ಲು ಕೊಟ್ಟಿದ್ದಾರೆ, ನಿನ್ನದು ಅವಳಿಗೆ ಬೇಡ. ನಾನು ಬರೆಯುವುದಿಲ್ಲ ಎಂದ ಸುದ್ದಿಯನ್ನು ಅವಳೇ ಬರೆಯಲು ಹೇಳಿದ್ದಾಳೆ, ಆದ್ದರಿಂದ ಬರೆಯುತ್ತೇನೆ. ನಿನ್ನೆ ನಸುಕಿನಲ್ಲಿ ಅವಳಿಗೆ ಮುಟ್ಟು ಬಂತು. ನಾಲ್ಕು ದಿನ ತಡೆದು ಕಳಿಸೋಣ ಎಂದೆ, ಕೇಳಲಿಲ್ಲ. ಆ ಮೈಯಲ್ಲೇ ಸೈಕಲ್ಲು ಏರಿ, ಭೀಮೆ ದಾಟಿ, ಸ್ಟೇಶನ್ನಿನ ತನಕ ತಾನೇ ಹೊಡೆದುಕೊಂಡು ಹೋಗಿ ಪಾರ್ಸಲ್ ಮಾಡಿ ಮೋಟಾರಿಗೆ ತಿರುಗಿ ಬಂದಳು. ಸೈಕಲ್ಲನ್ನು ತೊಳೆದಿಲ್ಲ, ವಿಭೂತಿ ಹಚ್ಚಿಲ್ಲ, ಗೋಣಿ ಮಾತ್ರ ಸುತ್ತಿದೆ. ಅದನ್ನು ಹಾಗೇ ನಿನ್ನ ಕೋಣೆಯ ಒಳಗೆ ಇಟ್ಟುಕೊಳ್ಳುವುದು ನಿನ್ನಿಂದಾದರೆ ಸುರಪುರಕ್ಕೆ ಬಾ, ಬಾಗಿಲು ತೆಗೆಯುತ್ತಾಳಂತೆ. ಹೊರಗೆ ನಿಲ್ಲಿಸುವುದಾದರೆ ನೀನೂ ಅದರ ಹತ್ತಿರವೇ ನಿಂತಿರು.