ಪೇಟೆಗೆ ಹೋದ ಅಮ್ಮನಿಗೆ

ನನ್ನದಲ್ಲದ ಒಂದು ಮನೆಯ ನಡುಕೋಣೆಯಿಂದ,
ಭಾನುವಾರ, ಊಟದ ಹೊತ್ತು ಮೀರಿದೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ, ನಿದ್ದೆ ಬರುತ್ತಿದೆಯಾ, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತೀಯೋ ಇಲ್ಲ ನೆನಪಾದಾಗಲೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಹದಿನೈದು ದಿನದಿಂದ ನಿನ್ನ ಫೋನನ್ನು ಪಕ್ಕದ ಮನೆಯ ಚಿಕ್ಕಮ್ಮನೇ ಎತ್ತುತ್ತಿದ್ದಾರೆ. "ನಿಮ್ಮಮ್ಮ ಪೇಟೆಗೆ ಹೋಗಿದಾರೆ ಕಣೆ, ಫೋನ್ ಇಲ್ಲೇ ಮರ್ತಿದಾರೆ" ಎಂದರು. ಮೊದಲ ಸಲ ನನಗೆ ಖುಷಿಯೇ ಆಯಿತು. ಪೇಟೆಗೆ ನಡೆದು ಹೋಗುವಷ್ಟು ಮಂಡಿ ಸರಿಯಾಗಿದೆಯಲ್ಲ ಎಂದುಕೊಂಡೆ. ಆಮೇಲೆ ಕೇಳಿದಾಗಲೂ ಪೇಟೆಯೇ. ಏನಮ್ಮ, ಅಂಗಡಿಯನ್ನೇ ಕೊಂಡುಕೊಂಡೆಯಾ? ನನಗೇಕೋ ಸಮಾಧಾನವಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಆಂಬುಲೆನ್ಸಿನ ಕೆಲಸವೆಂದರೆ ಬರೀ ರಕ್ತ, ಓಟ ಎಂದು ನೀನು ಹೆದರುತ್ತೀಯ. ಹೆಚ್ಚಿನ ಕರೆಗಳು ಹಾಗಿಲ್ಲ. ತಲೆಸುತ್ತು, ಎದೆಯುರಿ, ಮಂಚದಿಂದ ಇಳಿಯಲಾಗದ್ದು. ಒಂಟಿಯಾಗಿರುವ ವಯಸ್ಸಾದವರು ಬಾಗಿಲು ತೆಗೆದು ಮೊದಲು ಕುರ್ಚಿ ತೋರಿಸುತ್ತಾರೆ, ಆಮೇಲೆ ನೋವು ಹೇಳುತ್ತಾರೆ. ನಾಡಿ ನೋಡಲು ಹಿಡಿದ ಕೈಯನ್ನು ಬಿಡುವುದೇ ಇಲ್ಲ. ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಬಿಪಿ ಪಟ್ಟಿ ಬಿಚ್ಚುತ್ತಿದ್ದಂತೆ ಇನ್ನೊಂದು ತೋಳು ಮುಂದೆ ಬರುತ್ತದೆ, "ಇದನ್ನೂ ಒಂದ್ಸಲ ನೋಡ್ಬಿಡಿ." ಡ್ರೈವರಣ್ಣ ಹೊರಗಿನಿಂದ ಹಾರ್ನ್ ಹೊಡೆಯುತ್ತಾನೆ, ನಾನು ಒಳಗಿನಿಂದಲೇ ಅವನಿಗೆ ಬೈಯುತ್ತೇನೆ, ಕೊನೆಗೆ ನಾನೇ ಎದ್ದು ಓಡುತ್ತೇನೆ. ಮುಂದಿನ ಕರೆ ಬಂದಿರುತ್ತದೆ. ಅವರ ಮುಖ ನೋಡುತ್ತ ಬಾಗಿಲೆಳೆದುಕೊಳ್ಳುವುದು ನನಗಿನ್ನೂ ಅಭ್ಯಾಸವಾಗಿಲ್ಲ.

ಈಗ ಕೂತಿರುವುದು ಅಂಥ ಒಬ್ಬರ ಮನೆಯಲ್ಲಿ. ನಾವು ಅವರನ್ನು ಹುಕುಮಜ್ಜಿ ಎನ್ನುತ್ತೇವೆ, ಆಕೆಯ ಮುಂದಲ್ಲ. ಗುರುವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸ್ಟ್ರೆಚರಿನ ಮೇಲೂ ಯಜಮಾನಿಕೆ ಬಿಡಲಿಲ್ಲ, "ಗ್ಯಾಸ್ ನೋಡಿದ್ಯಾ? ಹಿಂದಿನ ಚಿಲಕ ಹಾಕಿದ್ಯಾ?" ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಹಡಗಿನಲ್ಲಿ ಕೆಲಸ ಮಾಡುವ ಮಗ ಭಾನುವಾರ ಮಧ್ಯಾಹ್ನ ಮನೆಯ ಫೋನಿಗೆ ಕರೆ ಮಾಡುತ್ತಾನಂತೆ. ಎತ್ತಲು ಯಾರಾದರೂ ಇರುತ್ತಾರೆಂದು ಖಾತ್ರಿಯಾಗದೆ ಆಕೆ ಬರುವವರಲ್ಲ. ನಾನಿರುತ್ತೇನೆ ಎಂದೆ. "ಬಿದ್ದಿದ್ದು ಹೇಳ್ಬೇಡ ಮತ್ತೆ. ಅಮ್ಮ ಪೇಟೆಗೆ ಹೋಗಿದಾಳೆ ಅನ್ನು" ಎಂದು ಆಣೆ ಮಾಡಿಸಿಕೊಂಡು, ಮನೆಯ ಬೀಗದ ಕೈ ಕೊಟ್ಟ ಮೇಲೇ ಚೌಕಟ್ಟು ಬಿಟ್ಟರು. ಆ ಗಡಿಬಿಡಿಯಲ್ಲಿ ನನಗೇನೂ ಹೊಳೆಯಲಿಲ್ಲ. ನಿನ್ನೆ ಆಪರೇಷನ್ ಆಯಿತು. ಉಸಿರಾಟ ಸರಿಯಿಲ್ಲ, ಇನ್ನೂ ಕಣ್ಣು ಬಿಟ್ಟಿಲ್ಲ.

ರಜೆಯ ದಿನ ಇಲ್ಲಿ ಬಂದು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳು. ಒರೆಸಿದ ಮೇಜನ್ನೇ ಒರೆಸುತ್ತೇನೆ, ಕಿಟಕಿಗೆ ಹೋಗುತ್ತೇನೆ, ಬರುತ್ತೇನೆ. ಫೋನ್ ಕೆಟ್ಟಿದೆಯೇನೋ ಎಂದು ರಿಸೀವರ್ ಎತ್ತಿ ಕೇಳುತ್ತೇನೆ, ಇದೇ ಹೊತ್ತಿಗೆ ಅವನು ಮಾಡಿದರೆ ಎಂದು ತಟ್ಟನೆ ಇಡುತ್ತೇನೆ. ಈ ಕಾಗದವನ್ನು ಅರ್ಧ ನಿಂತುಕೊಂಡೇ ಬರೆದಿದ್ದೇನೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಈಗಷ್ಟೇ ಅಜ್ಜಿಯ ಮಗನ ಫೋನ್ ಬಂತು, ಮಾತಾಡಿದೆ ಅಮ್ಮ. ಹೇಳಿಕೊಟ್ಟ ಹಾಗೆಯೇ ಹೇಳಿದೆ. ಅವನು ನಕ್ಕುಬಿಟ್ಟ, "ಪೇಟೆಗೆ ಹೋದ್ಳಾ? ಹಾಗಾದ್ರೆ ಕಾಲುನೋವು ವಾಸಿಯಾಗಿದೆ ಬಿಡಿ!" ಮೊದಲ ಸಲ ಚಿಕ್ಕಮ್ಮನ ಮಾತು ಕೇಳಿ ನಾನು ಪಟ್ಟುಕೊಂಡದ್ದೂ ಇದೇ ಸಮಾಧಾನ. ಆಣೆ ಮುರಿದೆ. ಬಿದ್ದದ್ದು, ಆಪರೇಷನ್ನು, ಉಸಿರು, ಎಲ್ಲ ಹೇಳಿದೆ. ಅವನು "ಹೊರಡ್ತೀನಿ" ಎಂದು ಫೋನ್ ಇಟ್ಟ. ಅಜ್ಜಿಗೆ ಗೊತ್ತಾದರೆ ಬಾಯಿಗೆ ಬಂದಂತೆ ಬೈಯುತ್ತಾರೆ. ಬೈಯಲಿ, ಎದ್ದು ಕೂತು ಬೈಯಲಿ.

ಈ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡು. ನಿನ್ನ ದನಿಯೇ ಬೇಕು, ಬೇರೆಯವರದು ಬೇಡ. ಚಿಕ್ಕಮ್ಮನಿಗೆ ನಮಸ್ಕಾರ, ಸ್ವಲ್ಪ ಸಿಟ್ಟಿನ ಸಮೇತ. ನಿನ್ನ ಆಶೀರ್ವಾದ ನನಗಿರಲಿ, ನನ್ನ ಬೈಗುಳವೆಲ್ಲ ನಿನಗೆ.

ನಿನ್ನ ಜಗಳಗಂಟಿ ಮಗಳು

ತಾ.ಕ.: ಅಂಚೆ ತಲುಪುವವರೆಗೆ ಕಾಯಲು ಆಗಲಿಲ್ಲ. ಈಗಲೇ ನಿನಗೆ ಫೋನ್ ಮಾಡಿದೆ. ಮತ್ತೆ ಚಿಕ್ಕಮ್ಮನೇ ಎತ್ತಿದರು. ಅವರು ಬಾಯಿ ತೆರೆಯುವ ಮೊದಲೇ "ಯಾವ ಆಸ್ಪತ್ರೆ?" ಎಂದು ಕೇಳಿದೆ. ಆಸ್ಪತ್ರೆ, ವಾರ್ಡು, ಮಂಚದ ನಂಬರು ಎಲ್ಲ ಹೇಳಿ ಅತ್ತುಬಿಟ್ಟರು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ಸಂಜೆಯ ಬಸ್ಸಿಗೆ ಹೊರಟೆ. ನಾನು ಬರುವವರೆಗೆ ಎಲ್ಲಿಗೂ ಹೋಗಬೇಡ ಅಮ್ಮ.