ಕಾಶವ್ವನ ನಗುವಿದ್ದ ಪೆಟ್ಟಿಗೆ

ಗಾಳಿವಾಡ, ಗದಗಿನ ಕಡೆಯ ಗುಡ್ಡದ ಮೇಲೆ
ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿ, ವೈಶಾಖದ ಮೂವತ್ತೆಂಟನೆಯ ದಿನ

ತೀರ್ಥರೂಪ ಅಡಿವೆಪ್ಪಜ್ಜನವರ ಪಾದಗಳಿಗೆ ನಿಮ್ಮ ವಂಶದ ಸೊಸೆ ನೀಲಗಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿರಿ. ಬೇಸಿಗೆ ಉದ್ದವಾದಂತೆ ನಮ್ಮ ಹಿರಿಯರು ವೈಶಾಖಕ್ಕೆ ದಿನಗಳನ್ನು ಕೂಡಿಸುತ್ತ ಬಂದರು. ಈಗ ಆ ತಿಂಗಳು ಮುಗಿಯುವುದೇ ಇಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು ನಾನು, ಅದೂ ನೀರಿನ ಸರದಿಯಲ್ಲಿ ನಿಲ್ಲುವುದು ತಪ್ಪಿದ ದಿನ ಮಾತ್ರ ಹೋದವಳು. ಈ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ಉತ್ತರ ಬರುವುದಿಲ್ಲ. ಬೇರೆಯವರು ಅದನ್ನು ರೋಗದ ಸುದ್ದಿ, ಮಳೆಯ ಸುದ್ದಿ ತಿಳಿಸಲು ಕಾಯ್ದಿಟ್ಟುಕೊಳ್ಳುತ್ತಾರೆ. ನಾನು ನನ್ನದನ್ನು ಇಂಥದ್ದಕ್ಕೆ ಖರ್ಚು ಮಾಡುತ್ತಿದ್ದೇನಲ್ಲ ಎಂದು ಬರೆಯುವಾಗಲೇ ಮುಖ ಸುಡುತ್ತಿದೆ.

ವಿಷಯ ನಿಮ್ಮ ಟೀವಿಯ ಕೆಳಗಿರುವ ಪೆಟ್ಟಿಗೆಯದು. ಬಂದ ಕಾರ್ಯಕ್ರಮವನ್ನು ಒಳಗೆ ಹಿಡಿದಿಟ್ಟುಕೊಂಡು ಬೇಕೆಂದಾಗ ತೋರಿಸುತ್ತದಲ್ಲ, ಅದೇ. ನಿಮಗೆ ಅದು ಸೆಟ್ ಟಾಪ್ ಬಾಕ್ಸ್, ನಮಗೆ ಹಿರೇಪೆಟ್ಟಿಗೆ. ಅದಿನ್ನೂ ನಮ್ಮ ಮನೆಯಲ್ಲಿದೆ. ಹೊಟ್ಟೆಯೊಳಗಿನ ತಟ್ಟೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಲೆತಲಾಂತರದಿಂದ ಬದಲಿಸುತ್ತ ಬಂದಿದ್ದಾರೆ. ನಿಮ್ಮ ಕಾಲದ ಗಾಳಿಯಂತ್ರದ ಕಂಬದ ಬುಡದಲ್ಲಿ ನಮ್ಮ ಮನೆ. ಕಂಬದ ಮೇಲೆ ರೆಕ್ಕೆ ಉಳಿದಿಲ್ಲ, ನೆರಳು ಉಳಿದಿದೆ. ಆ ನೆರಳು ಹೊರಳಿ ಯಾರ ಓಣಿಗೆ ಬರುತ್ತದೋ ಆ ಓಣಿಯವರು ಹೊರಗೆ ಬಂದು ಹಿಟ್ಟು ನಾದುತ್ತಾರೆ, ಬಟ್ಟೆ ಹೊಲಿಯುತ್ತಾರೆ, ಜಗಳವಿದ್ದರೆ ಅದನ್ನೂ ಆಗಲೇ ಮುಗಿಸಿಕೊಳ್ಳುತ್ತಾರೆ. ನೆರಳು ಮುಂದೆ ಹೋದರೆ ಒಳಗೆ ಹೋಗಿ ಮಲಗುತ್ತೇವೆ.

ಚಿತ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಗೋಡೆಗೆ ಹೇಳಿದರೆ ಸಾಕು, ಸತ್ತವರನ್ನೂ ಎಬ್ಬಿಸಿ ಮಾತಾಡಿಸುತ್ತದೆ, ನಗಿಸು ಎಂದಷ್ಟು ಸಲ ನಗಿಸುತ್ತದೆ. ಅದಕ್ಕೆ ಹುಸಿನೋಟ ಎನ್ನುತ್ತೇವೆ, ಕೂಸುಗಳಿಗೆ ತೋರಿಸುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿದ್ದದ್ದು ಹಾಗಲ್ಲ. ನಿಮ್ಮ ಹೆಂಡತಿ ಕಾಶವ್ವಜ್ಜಿ ಮಧ್ಯಾಹ್ನದ ಅಡುಗೆ ಕಾರ್ಯಕ್ರಮಕ್ಕೆ ಹೋಗಿ ಮಾದಲಿ ಮಾಡಿ ತೋರಿಸಿದ್ದನ್ನು ನೀವು ಹಿಡಿದಿಟ್ಟಿದ್ದಿರಿ. ಆಕೆ ಕೈಯಲ್ಲಿ ಬೆಲ್ಲದ ಪುಡಿ ಹಿಡಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗದೆ ನಗುತ್ತಾಳೆ. ಆಗ ನಡೆದದ್ದು ನಡೆದ ಹಾಗೆಯೇ ಇತ್ತು, ಯಾರೂ ಹೇಳಿ ನಗಿಸಿದ್ದಲ್ಲ. ಅದಕ್ಕೇ ಈ ವಾಡದಲ್ಲಿ ಯಾವ ಕೂಸು ಹುಟ್ಟಲಿ, ಹೆಸರಿಡುವ ಮೊದಲು ಆ ನಗು ತೋರಿಸುತ್ತಾರೆ. ಲೋಕದಲ್ಲಿ ಮೊದಲು ನಿಜವಾದದ್ದೊಂದನ್ನು ನೋಡಲಿ ಎಂದು. ನಗು ನೋಡದ ಕೂಸಿಗೆ ಹೆಸರಿಲ್ಲ.

ನಾಳೆ ಅಮಾವಾಸ್ಯೆ. ನನ್ನ ಮೈದುನನ ಹೆಂಡತಿ, ನೆಗೆಣ್ಣಿ ತುಂಗವ್ವನ ಮಗಳಿಗೆ ನಗು ತೋರಿಸಬೇಕು. ಹೋದ ವರ್ಷ ಆಕೆಯ ಚೊಚ್ಚಲ ಕೂಸು ನಗು ನೋಡುವ ಮೊದಲೇ ಹೋಯಿತು. ಹೆಸರಿಲ್ಲದೆ ಮಣ್ಣು ಮಾಡಿದೆವು. ಅದಕ್ಕೇ ಈ ಸಲ ಆಕೆ ಒಂದೊಂದು ದಿನವನ್ನೂ ಉಸಿರು ಹಿಡಿದು ದೂಡಿದ್ದಾಳೆ.

ಅಮಾವಾಸ್ಯೆ ಬಿಟ್ಟು ಬೇರೆ ದಿನ ಪೆಟ್ಟಿಗೆ ಹಚ್ಚಬಾರದು. ನನಗೆ ಗೊತ್ತಿತ್ತು. ಆದರೆ ಮೊನ್ನೆ ಅದರಿಂದ ಟಿಕ್ ಎಂಬ ಸದ್ದು ಕೇಳಿದಂತಾಯಿತು. ಕೇಳಿತೋ ಇಲ್ಲವೋ, ಈಗಲೂ ಆಣೆ ಮಾಡಿ ಹೇಳಲಾರೆ. ಶಾಸ್ತ್ರದ ದಿನವೇ ಕೈಕೊಟ್ಟರೆ ಏನು ಗತಿ ಎಂದು ಹೆದರಿದೆ. ಒಂದು ಸಲ ನೋಡಿಬಿಡೋಣ ಎಂದು ಹಚ್ಚಿದೆ. ಗೋಡೆಯ ಮೇಲೆ ನೀಲಿ ಬಂತು, ನೀಲಿಯ ಮೇಲೆ ಬಿಳಿ ಅಕ್ಷರ. ಆ ಲಿಪಿ ಓದುವವರು ನಮ್ಮಲ್ಲಿ ಯಾರೂ ಉಳಿದಿಲ್ಲ. ಪೆಟ್ಟಿಗೆ ಏನಾದರೂ ಕೇಳಿದರೆ ಹೌದು ಎನ್ನುವ ಗುಂಡಿಯನ್ನೇ ಒತ್ತಬೇಕು, ಹಿರಿಯರ ಪೆಟ್ಟಿಗೆಗೆ ಇಲ್ಲ ಎನ್ನಬಾರದು ಎಂಬುದು ಇಲ್ಲಿಯ ನಡೆ. ಇಷ್ಟು ಕಾಲವೂ ಅದರಿಂದ ಕೇಡಾಗಿರಲಿಲ್ಲ. ಕೈ ಮುಗಿದು ಒತ್ತಿದೆ. ಮತ್ತೊಮ್ಮೆ ಕೇಳಿತು. ಮತ್ತೊಮ್ಮೆ ಒತ್ತಿದೆ. ಆಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬಿಕೊಂಡು ಹೋಯಿತು. ಪೆಟ್ಟಿಗೆ ತೃಪ್ತಿಪಡುತ್ತಿದೆ ಎಂದುಕೊಂಡು ನೋಡುತ್ತ ಕುಳಿತೆನಲ್ಲ ಅಜ್ಜಾ! ಗೆರೆ ತುಂಬಿದ ಮೇಲೆ ಒಳಗೆ ಏನೂ ಇರಲಿಲ್ಲ. ನೀವು ಹಿಡಿದಿಟ್ಟಿದ್ದ ಕ್ರಿಕೆಟ್ಟಿಲ್ಲ, ಧಾರಾವಾಹಿಯಿಲ್ಲ, ಕಾಶವ್ವಜ್ಜಿಯಿಲ್ಲ. ಅದು ಕೇಳಿದ್ದು ಎಲ್ಲ ಅಳಿಸಲೇ ಎಂದಿರಬೇಕು.

ಗೋಡೆಗೆ ಹೇಳಿ ಒಂದು ಹುಸಿನಗು ಮಾಡಿಸಿ ತೋರಿಸಿಬಿಡಲೇ ಎಂದೂ ಯೋಚಿಸಿದೆ. ಯೋಚಿಸಿದೆನಲ್ಲ, ಅದಕ್ಕೆ ಇನ್ನೂ ಹೆಚ್ಚು ನಾಚಿಕೆ. ಇವತ್ತು ನೆರಳು ನಮ್ಮ ಓಣಿಗೆ ಬಂದಾಗ ಎಲ್ಲರ ಮುಂದೆ ಹೇಳಿದೆ. ತುಂಗವ್ವ ಮೊದಲು ನಂಬಲಿಲ್ಲ. “ಚಾಷ್ಟಿ ಮಾಡಬ್ಯಾಡ ಅಕ್ಕಾ, ನನ್ನ ಎದಿ ಒಡದೀತು,” ಅಂದಳು. ನನ್ನ ಮುಖ ನೋಡಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು, ನನ್ನ ಕಣ್ಣು ತಾಗಬಾರದು ಎಂಬಂತೆ. ಅತ್ತೆ ಸಾತವ್ವ ಬಿಡಲಿಲ್ಲ: “ಸುಮ್ನ ಕುಂಡ್ರಾಕ ಬರೂದಿಲ್ಲೇನ ನಿನಗ? ಹಾಲು ಹೆಪ್ಪಾತೋ ಇಲ್ಲೋ ಅಂತ ಬೆಳತನಕ ಬೆರಳ ಅದ್ದಿ ಅದ್ದಿ ಮೊಸರು ಕೆಡಿಸೂ ಜಾತಿ ನೀ!” ಯಾರೋ ನಕ್ಕರು. ಆಮೇಲೆ ಅತ್ತೆಯೇ ಸ್ವಲ್ಪ ತಣ್ಣಗಾಗಿ, “ಪೆಟಗಿ ಒರಸಾಕಿ, ಹಚ್ಚಾಕಿ ನೀನ. ಆ ನಗು ನಿನ್ನಷ್ಟು ಯಾರೂ ನೋಡಿಲ್ಲ. ನಾಳೆ ಕೂಸಿನ ಮುಂದ ನೀನ ನಕ್ಕು ತೋರ್ಸು,” ಅಂದರು. ತುಂಗವ್ವ ಕೂಸಿನ ಮೇಲಿನ ಸೆರಗು ತುಸು ಸರಿಸಿ, “ಖರೇ ನಗಬೇಕ ನೋಡಕ್ಕಾ. ಬರೇ ಬಾಯಿ ತಗದರ ನಾ ಒಪ್ಪಾಕಿ ಅಲ್ಲ,” ಅಂದಳು.

ಅಲ್ಲಿಯೇ ನಕ್ಕು ನೋಡಿದೆ. ಸೆರಗು ಬಾಯಿಗೆ ಹಿಡಿದೆ, ಭುಜ ಕುಣಿಸಿದೆ, ಎಲ್ಲ ಸರಿಯಾಗಿ ಮಾಡಿದೆ. “ಇದು ನಗು ಅಲ್ಲವ್ವಾ, ಬಿಕ್ಕಳಿಕಿ,” ಅಂದರು ಅತ್ತೆ.

ಹೇಗೆ ನಗಲಿ? ಆಕೆ ಯಾಕೆ ನಕ್ಕಳೆಂದೇ ನಮಗೆ ಗೊತ್ತಿಲ್ಲ. ಸಿಟ್ಟಾಗಬೇಡಿರಿ ಅಜ್ಜಾ, ನೀವು ಗುಂಡಿ ಒತ್ತುವುದು ತುಸು ತಡವಾಗಿತ್ತು. ಶುರುವಾಗುವಾಗಲೇ ಆಕೆ ನಗುತ್ತಿದ್ದಳು. ಮಾದಲಿ ಸೀದಿತ್ತೋ, ಎದುರಿಗಿದ್ದವಳು ಏನಾದರೂ ಅಂದಳೋ, ನಿಮ್ಮದೇ ಏನಾದರೂ ನೆನಪಾಯಿತೋ.

ಪೆಟ್ಟಿಗೆಯನ್ನು ಜೋಪಾನ ಮಾಡಿರಿ ಎನ್ನಲು ನನಗೆ ಬಾಯಿಲ್ಲ. ಕೇಳುವುದು ಇಷ್ಟೇ. ಈ ಓಲೆ ಮಡಿಸಿಟ್ಟು ಒಳಗೆ ಹೋಗಿರಿ. ಅಜ್ಜಿ ಅಡುಗೆಮನೆಯಲ್ಲಿದ್ದಾಳು. ಅವತ್ತು ಯಾಕೆ ನಕ್ಕೆ ಎಂದು ಕೇಳಿರಿ. ಆಕೆ ಹೇಳಿದ್ದನ್ನು ಎಲ್ಲಿಯೂ ಹಿಡಿದಿಡಬೇಡಿರಿ, ಮಗಳ ಕಿವಿಯಲ್ಲಿ ಹೇಳಿರಿ. ಆಕೆ ತನ್ನ ಸೊಸೆಗೆ ಹೇಳಲಿ, ಸೊಸೆ ಮೊಮ್ಮಗಳಿಗೆ ಹೇಳಲಿ. ನೀವು ಇವತ್ತೇ ಹೇಳಿದರೆ ಅದು ಬಾಯಿಂದ ಬಾಯಿಗೆ ನಡೆದು ನಾಳೆ ಬೆಳಗಿನೊಳಗೆ ನನ್ನ ತನಕ ಬಂದಿರುತ್ತದೆ. ತುಂಗವ್ವ ಕೂಸನ್ನು ನನ್ನೆದುರು ಹಿಡಿದಾಗ ಅದು ತಟ್ಟನೆ ನೆನಪಾಗಿ, ನಾನು ನಕ್ಕುಬಿಡುತ್ತೇನೆ.

ತಡ ಮಾಡಬೇಡಿರಿ, ಅಜ್ಜಾ.

ನಿಮ್ಮ
ನೀಲಗಂಗವ್ವ