ನನ್ನ ಬಗ್ಗೆ ಚಲೋ ಹೇಳ್ರಿ

ನವೆಂಬರ್ 18, ಮಂಗಳವಾರ

ಬೆಳಗಿನಿಂದ ಹನ್ನೊಂದು ಲಾರಿ. ಹನ್ನೊಂದರಲ್ಲೂ ಹಸಿ ಭತ್ತ. ತೇವದ ಮೀಟರ್ ಇಪ್ಪತ್ತು ತೋರಿಸುತ್ತಿದ್ದರೂ ದಲ್ಲಾಳಿ ಹದಿನಾಲ್ಕು ಅಂತಾನೆ. ಕಣ್ಣಿಗೆ ಮಣ್ಣೆರಚೋಕೆ ನಾನೇ ಸಿಕ್ಕೆನಾ? ಬೈದೆ. ಒಂದು ಲಾರಿ ವಾಪಸ್ ಹೋಯಿತು. ಸಾವ್ಕಾರ ಮಲ್ಲಯ್ಯ ಒಳಗೆ ಕರೆದ. "ಹೆಣ್ಮಗಳು ಮೆತ್ತಗ ಮಾತಾಡಬೇಕವಾ." ಲಾಭ ಅವನಿಗೆ, ಉಪದೇಶ ನನಗೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣು ಶರಣು. ಈ ಮಾನ್ವಿ ಮಿಲ್ಲಿನಲ್ಲಿ ಏಳು ವರ್ಷ ಆಯಿತು, ಇನ್ನೂ ಅದೇ ಮುರುಕು ಸ್ಟೂಲು.

ರಾಯಚೂರಿನ ಅಕ್ಕಿ ಕಂಪನಿಯ ಇಂಟರ್‌ವ್ಯೂ ಚೆನ್ನಾಗಿ ಆಗಿದೆ. ಭತ್ತ ಖರೀದಿ ಆಫೀಸರ್. ಈಗ ಎಚ್.ಆರ್. ಶಿವರಾಜ ರೆಫರೆನ್ಸ್ ಕೇಳುತ್ತಾನೆ — ಈಗಿನ ಮಾಲೀಕರ ನಂಬರ್ ಬೇಕಂತೆ. ಜಾಣ! ನನ್ನ ಜೊತೆ ಕೆಲಸಕ್ಕಿದ್ದ ಉಮಾದೇವಿ ಬೇರೆ ಮಿಲ್ಲಿಗೆ ಅರ್ಜಿ ಹಾಕಿದ್ದು ತಿಳಿದ ದಿನವೇ ಸಾವ್ಕಾರ ಅವಳನ್ನು ಮನೆಗೆ ಕಳಿಸಿದ. ಮಿಲ್ಲಿಗೆ ಫೋನ್ ಬೇಡ, ಯಾರಿಗೆ ಮಾಡಿದರೂ ಕಂಪನಿ ಹೆಸರು ಎತ್ತಬೇಡಿ ಅಂದೆ. ಒಪ್ಪಿದ.

ಕೊಟ್ಟಿದ್ದು ರಾಮಲಿಂಗಪ್ಪನವರ ನಂಬರ್. ಮಿಲ್ಲಿನ ಹಳೇ ಗುಮಾಸ್ತ, ಹೋದ ವರ್ಷ ಕೆಲಸ ಬಿಟ್ಟು ದೇವದುರ್ಗದಲ್ಲಿದ್ದಾರೆ. ಒಳ್ಳೆಯವರು, ಅಷ್ಟೇ. ಇಟ್ಟಲ್ಲಿ ಕೂತಿರುತ್ತಿದ್ದರು. ಗೋಣಿಚೀಲ ಅಂತ ಹೆಸರಿಟ್ಟವಳೇ ನಾನು. ಬೆನ್ನ ಹಿಂದೆ.

ನವೆಂಬರ್ 20

ಲಾರಿ ತೂಗುವ ವೇಬ್ರಿಡ್ಜ್ ಹತ್ತಿರ ನಿಂತು ಗೋಣಿಚೀಲಕ್ಕೆ ಫೋನ್. ಸಾವ್ಕಾರ ನಾಲ್ಕು ಮಾರು ದೂರದಲ್ಲಿ. ಬಿಡಿಸಿ ಹೇಳೋ ಹಾಗಿಲ್ಲ.

"ನನ್ನ ಬಗ್ಗೆ ಒಬ್ರು ಕೇಳ್ತಾರ್ರಿ. ಚಲೋ ಹೇಳ್ರಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಆತು ಬಿಡವಾ! ಬಾಳ ಖುಷಿ ಆತು ನೋಡು!"

ಇಷ್ಟು ಖುಷಿ ಯಾಕೋ. ವಯಸ್ಸಾಯಿತು, ಏನು ಹೇಳಿದರೂ ಖುಷಿ.

ನವೆಂಬರ್ 28, ಮಧ್ಯಾಹ್ನ

ಹೋಯಿತು. ಎಲ್ಲ ಹೋಯಿತು.

ಶಿವರಾಜನ ಫೋನ್. "ಮೇಡಂ, ನಮಗ ದಲ್ಲಾಳಿಗಳ ಜೋಡಿ ಗುದ್ದಾಡೋರು ಬೇಕಾಗಿತ್ತು. ನಿಮ್ಮ ಹಿರಿಯರು, ಆಕಿ ಆಕಳಿದ್ದಂಗ, ಎದುರು ಮಾತು ಅನ್ನೋದೇ ಗೊತ್ತಿಲ್ಲ ಅಂದ್ರು. ಕೆಲಸ ಬಿಡು ಅಂದ್ರ ನಾಳೆನೇ ಬಿಡ್ತಾಳ, ಚಿಂತಿ ಮಾಡಬ್ಯಾಡ್ರಿ ಅಂತ ಬ್ಯಾರೆ…"

ನಾನು ಆಕಳು!

ಆಮೇಲೆ ಹೊಳೆಯಿತು. ಹುಡುಗಿ ಹೇಗೆ, ಹೊಂದಿಕೊಂಡು ಹೋಗ್ತಾಳಾ ಅಂತ ಗುರುತಿಲ್ಲದ ಗಂಡಸು ಫೋನ್ ಮಾಡಿ ಕೇಳಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಗಂಡಿನ ಕಡೆಯವರು. ಗೋಣಿಚೀಲ ನನ್ನ ಮದುವೆ ಮಾಡಿಸೋಕೆ ಹೊರಟಿದೆ! ನಾಳೆ ಬರ್ತೀನಿ ಅಂತಷ್ಟೇ ಫೋನ್ ಮಾಡಿದೆ. ಎದುರು ನಿಂತು ಜಾಡಿಸಬೇಕು.

ನವೆಂಬರ್ 29, ಶನಿವಾರ — ವಾಪಸ್ ಬಸ್ಸಿನಲ್ಲಿ

ಹೊಟ್ಟೆನೋವು ಅಂತ ರಜೆ ಹಾಕಿ ದೇವದುರ್ಗಕ್ಕೆ ಹೋದೆ. ರಾಮಲಿಂಗಪ್ಪನವರ ಹೆಂಡತಿ ಚನ್ನಮಲ್ಲಮ್ಮ ತಟ್ಟೆ ಹಿಡಿದು ಬಂದರು. ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು — ಮದುವೆ ಗೊತ್ತಾದ ಹುಡುಗಿಗೆ ಉಡಿ ತುಂಬೋಕೆ.

"ಹುಡುಗ ಏನ್ ಮಾಡ್ತಾನವಾ?"

ಬಾಯಿಗೆ ಬಂದದ್ದೆಲ್ಲ ಅಂದೆ. ಮದುವೆ ಅಲ್ಲ, ನೌಕರಿ, ಅಷ್ಟೂ ತಿಳಿಯಲಿಲ್ಲವೇ, ನನ್ನ ಅನ್ನಕ್ಕೆ ಕಲ್ಲು ಹಾಕಿದಿರಿ… ಚನ್ನಮಲ್ಲಮ್ಮ ತಟ್ಟೆ ಹಿಡಿದು ನಿಂತೇ ಇದ್ದರು.

ರಾಮಲಿಂಗಪ್ಪ ಮೆಲ್ಲಗೆ ಅಂದರು: "ಚಲೋ ಹೇಳ್ರಿ ಅಂದ್ಯಲ್ಲವಾ. ಖರೇ ಹೇಳಿದ್ರ ಯಾರು ಮಾಡ್ಕೋತಾರ ಅಂತ ಸುಳ್ಳು ಹೇಳ್ದೆ. ಸಾವ್ಕಾರ ಹೇಳಿದ್ರೂ ಸುಳ್ಳು ಹೇಳಾಂವಲ್ಲ ನಾ."

ತಾವೇ ಶಿವರಾಜನಿಗೆ ಫೋನ್ ಹಚ್ಚಿದರು.

"ಸರ್ರ, ಮೊನ್ನೆ ಹೇಳಿದ್ದು ಅಷ್ಟೂ ಸುಳ್ರಿ. ಆಕಳಲ್ರಿ ಆಕಿ. ಆಕಿ ಬಾಯಿಗೆ ಅಂಜಿ ಲಾರಿ ಹೊಳ್ಳಿಸಿಕೊಂಡು ಹೋಗಾವ್ರದಾರ. ಒಂದು ಹಸಿ ಕಾಳು ಒಳಗ ಬಿಡಂಗಿಲ್ಲ. ಸಾವ್ಕಾರನ್ನ ಬಿಟ್ಟಿಲ್ಲ, ನನ್ನೂ ಬಿಟ್ಟಿಲ್ಲ. ನನಗ ಗೋಣಿಚೀಲ ಅಂತಾಳ್ರಿ, ಬಂದ ದಿನದಿಂದ. ಈಗ ಮನೀಗೆ ಬಂದು ಬೈದು ನಿಂತಾಳ. ಅಗದಿ ಚಲೋ ಹುಡುಗಿ ರೀ."

ಆ ಕಡೆ ಶಿವರಾಜ ನಕ್ಕಿದ್ದು ನನಗೂ ಕೇಳಿಸಿತು. ಸೋಮವಾರ ಹತ್ತಕ್ಕೆ ಬಂದು ಆರ್ಡರ್ ತಗೊಳ್ಳಬೇಕಂತೆ.

ಆ ಹೆಸರು ಗೊತ್ತಿತ್ತು ಅವರಿಗೆ. ಅಷ್ಟೂ ವರ್ಷ ಗೊತ್ತಿತ್ತು. ಆದರೂ ದಿನಾ ನನಗೂ ಸೇರಿಸಿ ಚಹಾ ತರಿಸುತ್ತಿದ್ದರು. ನಾಚಿಕೆಯಾಯಿತು. ತಪ್ಪಾಯಿತು ಅನ್ನಬೇಕಿತ್ತು.

"ನೌಕರಿಗೂ ಉಡಿ ತುಂಬಬಹುದು, ಕುಂದ್ರು," ಅಂದರು ಚನ್ನಮಲ್ಲಮ್ಮ. ವೇಲ್ ಒಡ್ಡಿ ಕೂತೆ. ಇಷ್ಟು ದೊಡ್ಡ ಬಾಯಿಯವಳು, ಎದ್ದು ಮೊದಲು ರಾಮಲಿಂಗಪ್ಪನವರ ಕಾಲಿಗೆ ಬಿದ್ದೆ.